ಆನೆಯ ದಾರಿಗೆ ಪರದೇಶದ ದುಡ್ಡು

ಕೊಳ್ಳೇಗಾಲ ಎಂದೊಡನೆ ನಮ್ಮಲ್ಲಿ ಕೆಲವರಿಗೆ ರೇಷ್ಮೆ ಸೀರೆ ನೆನಪಾಗುತ್ತದೆ, ಭಕ್ತರಿಗೆ ಮಲೆ ಮಹದೇಶ್ವರ, ಇನ್ನು ಕೆಲವರಿಗೆ ಮಾಟ-ಮಂತ್ರ! ಆದರೆ ಆ ಊರಿನ ಹೆಸರು ಇನ್ನೊಂದು ಕಾರಣಕ್ಕಾಗಿ ದೇಶವಿದೇಶಗಳ ವನ್ಯಜೀವಿ ಸಂಸ್ಥೆಗಳ ಕಡತಗಳಲ್ಲಿ ಸೇರಿಹೋಗಿದೆ ಎಂಬುದು ಬಹಳ ಜನರಿಗೆ ತಿಳಿಯದು. ಈ ಶತಮಾನದ ಮೊದಲ ದಶಕದಲ್ಲಿ ಆ ಸೀಮೆಯ ಕಾಡಂಚಿನ ಸುಮಾರು 25 ಎಕರೆ ಖಾಸಗಿ ಜಮೀನನ್ನು ಸಂಸ್ಥೆಯೊಂದು ಹಣ ಕೊಟ್ಟು ಕೊಂಡು ಕರ್ನಾಟಕದ ಅರಣ್ಯ ಇಲಾಖೆಗೆ ಒಪ್ಪಿಸಿತು. ತೋಟ ಮಾಡಲಿಕ್ಕಲ್ಲ, ಸೈಟು ಹಾಕಲಿಕ್ಕಲ್ಲ. ಆನೆಗಳು ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ನಡೆದುಹೋಗಲಿ ಎಂದು. ಕೊಂಡದ್ದು ನಮ್ಮ ದೇಶದ ‘ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ’. ಅದರ ಬೆನ್ನಿಗೆ ನಿಂತದ್ದು ಐ.ಎಫ್.ಎ.ಡಬ್ಲ್ಯು. ಎಂಬ ಅಂತರರಾಷ್ಟ್ರೀಯ ಪ್ರಾಣಿದಯಾ ಸಂಸ್ಥೆ.

ಈ ವಿಚಾರ ಓದಿದಾಗ ನನಗೆ ಮೊದಲು ಬಂದದ್ದು ನಗು. ನಮ್ಮ ಊರುಗಳಲ್ಲಿ ದನ ಹೋಗುವ ಓಣಿಗೂ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಹೀಗಿರುವಾಗ ಆನೆಯನ್ನು ಸರ್ಕಸ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಪರದೇಶದ ಪುಣ್ಯಾತ್ಮರು ಕೊಳ್ಳೇಗಾಲದ ಆನೆಯ ಓಣಿಗೆ ಏಕೆ ದುಡ್ಡು ಕೊಟ್ಟರು? ಆ ದುಡ್ಡು ಎಷ್ಟು ಕೆಲಸ ಮಾಡಿತು, ಎಲ್ಲಿ ಅದರ ಕೈ ಸಾಗಲಿಲ್ಲ? ಈ ಪ್ರಶ್ನೆಗಳ ಬೆನ್ನು ಹತ್ತಿ ಹೋದಾಗ ಸಿಕ್ಕಿದ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಜಾಗದ ಪರಿಚಯ. ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪಶ್ಚಿಮದಲ್ಲಿ ನಾಗರಹೊಳೆ, ಬಂಡೀಪುರ. ಅವುಗಳಿಗೆ ತಾಗಿಕೊಂಡು ಕೇರಳದ ವಯನಾಡು, ತಮಿಳುನಾಡಿನ ಮುದುಮಲೈ. ಅಲ್ಲಿಂದ ಮೋಯಾರ್ ನದಿಯ ಕಮರಿಯ ಪಕ್ಕದಲ್ಲೇ ಪೂರ್ವಕ್ಕೆ ಬಂದರೆ ಸತ್ಯಮಂಗಲದ ಕಾಡು. ಉತ್ತರಕ್ಕೆ ತಿರುಗಿದರೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿಂದ ಮುಂದೆ ಮಹದೇಶ್ವರ ಬೆಟ್ಟ ಮತ್ತು ಕಾವೇರಿ ದಂಡೆಯ ಕಾಡು. ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೈಕೈ ಹಿಡಿಯುವ ಈ ಪ್ರದೇಶ ಏಷ್ಯಾದ ಆನೆಗಳ ಅತಿ ದೊಡ್ಡ ನೆಲೆ. 2025ರಲ್ಲಿ ಪ್ರಕಟವಾದ ಡಿ.ಎನ್.ಎ. ಆಧಾರಿತ ಗಣತಿಯ ಪ್ರಕಾರ ಭಾರತದಲ್ಲಿರುವ ಆನೆಗಳು ಸುಮಾರು 22,446. ಅದರಲ್ಲಿ ಕರ್ನಾಟಕದ ಪಾಲು 6,013. ಯಾವ ರಾಜ್ಯದಲ್ಲೂ ಇಷ್ಟಿಲ್ಲ.

ಬಿಳಿಗಿರಿರಂಗನ ಬೆಟ್ಟದ ದೊಡ್ಡಸಂಪಿಗೆ ಎಂಬಲ್ಲಿ ಸೋಲಿಗರು ಪೂಜಿಸುವ ಒಂದು ಭಾರಿ ಸಂಪಿಗೆ ಮರವಿದೆ. ಅದರ ಹೆಸರೇ ಅಲ್ಲಿನ ಕಾಡಿಗೂ ಬಂದಿದೆ. ಮೈಸೂರಿನಲ್ಲಿ ವೈದ್ಯಕೀಯ ಓದುತ್ತಿದ್ದಾಗ ನಾವು ಗೆಳೆಯರು ಡಾ. ಸುದರ್ಶನ್ ಅವರು ಸೋಲಿಗರಿಗಾಗಿ ಕಟ್ಟಿದ್ದ ಆಸ್ಪತ್ರೆಯನ್ನು ನೋಡಲು ಬೆಟ್ಟಕ್ಕೆ ಹೋಗುತ್ತಿದ್ದೆವು. (1994ರಲ್ಲಿ ಅವರಿಗೆ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬಂದದ್ದು ಹಿರಿಯ ಓದುಗರಿಗೆ ನೆನಪಿರಬಹುದು.) ಆನೆ ಇರುವ ಕಾಡಿನಲ್ಲಿ ಕಾಲುದಾರಿ ಹುಡುಕಬೇಕಾಗಿಲ್ಲ, ಆನೆಯೇ ಮಾಡಿಟ್ಟಿರುತ್ತದೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿಯೇ. ದೊಡ್ಡಸಂಪಿಗೆಯ ಕಾಡಿಗೂ ಪೂರ್ವದ ಎಡೆಯಾರಹಳ್ಳಿ ಕಾಡಿಗೂ ನಡುವೆ ಹೊಲಗದ್ದೆಗಳು ಒತ್ತಿಬಂದು, ಆನೆಗಳು ಹಾದುಹೋಗಲು ಉಳಿದದ್ದು ಒಂದು ಇಕ್ಕಟ್ಟಾದ ಸಂದು. ಮೇಲೆ ಹೇಳಿದ 25 ಎಕರೆ ಇರುವುದು ಈ ಸಂದಿನಲ್ಲಿ.

ಆನೆ ಏಕೆ ನಡೆಯಬೇಕು? ಒಂದೇ ಕಡೆ ಇರಬಾರದೇ? ದಿನಕ್ಕೆ 150 ಕಿಲೋ ಮೇವು ತಿನ್ನುವ ಪ್ರಾಣಿ ಒಂದೇ ಕಡೆ ನಿಂತರೆ ಆ ಕಾಡೂ ಉಳಿಯದು, ಅದೂ ಉಳಿಯದು. ಮಳೆ ಬಂದು ಹುಲ್ಲು ಚಿಗುರಿದಾಗ ಒಂದು ಕಡೆ, ಬೇಸಿಗೆಯಲ್ಲಿ ನೀರಿರುವ ಇನ್ನೊಂದು ಕಡೆ, ಹೀಗೆ ಅದರ ಸಂಸಾರ ನೂರಾರು ಚದರ ಕಿಲೋಮೀಟರಿನಲ್ಲಿ ಹರಡಿರುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಮುಖ್ಯರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರೊ. ಆರ್. ಸುಕುಮಾರ್. 1980ರ ದಶಕದ ಆರಂಭದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಡೆಯ ಕಾಡುಗಳಲ್ಲಿ ಅಲೆದು ಅವರು ಮಾಡಿದ ಅಧ್ಯಯನ 1989ರಲ್ಲಿ ಕೇಂಬ್ರಿಜ್‌ನಿಂದ ಪುಸ್ತಕವಾಗಿ ಬಂತು. ಆನೆ ಹೊಲಕ್ಕೆ ನುಗ್ಗುವುದು ಬರೀ ಹಸಿವಿನಿಂದಲ್ಲ, ರಾಗಿ ಕಾಡಿನ ಹುಲ್ಲಿಗಿಂತ ಪೌಷ್ಟಿಕ ಎಂಬುದು ಅದಕ್ಕೆ ಗೊತ್ತು ಎಂದು ಬರೆದವರು ಅವರು. (ರಾಗಿ ಮುದ್ದೆ ಬೇಡವೆನ್ನುವ ನಮ್ಮ ಮಕ್ಕಳಿಗೆ ಇದನ್ನು ಓದಿ ಹೇಳಬೇಕು!) ಅವರು ಓಡಾಡಿದ ಕಾಡು ಆಗ ವೀರಪ್ಪನ್ ದಂತಕ್ಕಾಗಿ ಸಲಗಗಳನ್ನು ಕೊಲ್ಲುತ್ತಿದ್ದ ಕಾಡೂ ಹೌದು. 2000ದಲ್ಲಿ ಅಣ್ಣಾವ್ರನ್ನು 108 ದಿನ ಒತ್ತೆಯಿಟ್ಟುಕೊಂಡಾಗ ನಾವೆಲ್ಲ ಇಲ್ಲಿ ಫೋನು ಹಿಡಿದು ಕೂತದ್ದು ಮರೆತಿಲ್ಲವಷ್ಟೆ?

ಇನ್ನು ‘ಕಾರಿಡಾರ್’ ಎಂಬ ವಿಚಾರ. ಇದು ಹುಟ್ಟಿದ್ದು ಕಾಡಿನಲ್ಲಲ್ಲ, ದ್ವೀಪಗಳ ಲೆಕ್ಕಾಚಾರದಲ್ಲಿ. 1967ರಲ್ಲಿ ಅಮೆರಿಕದ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಒಂದು ಪುಸ್ತಕ ಬರೆದರು. ದ್ವೀಪ ಚಿಕ್ಕದಾದಷ್ಟೂ, ದಡದಿಂದ ದೂರವಾದಷ್ಟೂ ಅಲ್ಲಿ ಬಾಳುವ ಜೀವಜಾತಿಗಳು ಕಡಿಮೆ ಎಂಬುದು ಅದರ ಸಾರ. ಎಂಟು ವರ್ಷಗಳ ನಂತರ, 1975ರಲ್ಲಿ, ಜೇರೆಡ್ ಡೈಮಂಡ್ ಮೊದಲಾದವರು ಅದೇ ಲೆಕ್ಕವನ್ನು ರಾಷ್ಟ್ರೀಯ ಉದ್ಯಾನಗಳಿಗೆ ಅನ್ವಯಿಸಿದರು. ಸುತ್ತ ಹೊಲ, ರಸ್ತೆ, ಊರು ಬೆಳೆದ ಮೇಲೆ ಉದ್ಯಾನವೂ ಒಂದು ದ್ವೀಪವೇ ಅಲ್ಲವೇ? ಆದ್ದರಿಂದ ದ್ವೀಪ ದ್ವೀಪಗಳ ನಡುವೆ ದಾರಿ ಇರಲಿ ಎಂದರು. 1987ರಲ್ಲಿ ವಿಲಿಯಂ ನ್ಯೂಮಾರ್ಕ್ ಎಂಬವರು ಉತ್ತರ ಅಮೆರಿಕದ ಪಶ್ಚಿಮ ಭಾಗದ ಉದ್ಯಾನಗಳ ದಾಖಲೆ ತೆಗೆದು, ಎಷ್ಟೇ ಕಾವಲಿದ್ದರೂ ಸ್ತನಿಗಳು ಒಂದೊಂದಾಗಿ ಮಾಯವಾಗಿವೆ, ಚಿಕ್ಕ ಉದ್ಯಾನಗಳಲ್ಲಿ ನಷ್ಟ ಹೆಚ್ಚು ಎಂದು ತೋರಿಸಿದರು.

ಎಲ್ಲರೂ ತಲೆಯಾಡಿಸಿದರು ಎಂದುಕೊಳ್ಳಬೇಡಿ. ಅದೇ 1987ರಲ್ಲಿ ಡೇನಿಯಲ್ ಸಿಂಬರ್ಲಾಫ್ ಮತ್ತು ಜೇಮ್ಸ್ ಕಾಕ್ಸ್ ಎಂಬವರು ತಕರಾರು ಎತ್ತಿದರು. ಪ್ರಾಣಿ ನಡೆಯುವ ದಾರಿಯಲ್ಲೇ ಬೆಂಕಿಯೂ ನಡೆಯುತ್ತದೆ, ಸೋಂಕು ರೋಗವೂ ನಡೆಯುತ್ತದೆ. ಅದಕ್ಕೆ ಸುರಿಯುವ ದುಡ್ಡಿನಲ್ಲಿ ಬೇರೆ ಇನ್ನೇನು ಮಾಡಬಹುದಿತ್ತು ಎಂದು ಯಾರಾದರೂ ಲೆಕ್ಕ ಹಾಕಿದ್ದೀರಾ ಎಂದು ಕೇಳಿದರು. ವೈದ್ಯನಾಗಿ ನನಗೆ ಈ ತಕರಾರು ಬಹಳ ಹಿಡಿಸಿತು. ಯಾವ ಔಷಧಿಗಾದರೂ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಆದರೆ ಆನೆಯ ವಿಷಯದಲ್ಲಿ ಈ ವಾದ ಅಷ್ಟಾಗಿ ನಿಲ್ಲುವುದಿಲ್ಲ. ಆನೆಗೆ ನಾವು ಹೊಸ ದಾರಿ ಮಾಡಿಕೊಡಬೇಕಾಗಿಲ್ಲ. ಅದು ತಲೆತಲಾಂತರದಿಂದ ನಡೆದ ದಾರಿಯಲ್ಲೇ ನಡೆಯುತ್ತದೆ, ನಾವು ಅಲ್ಲಿ ರಾಗಿ ಬಿತ್ತಿದ್ದರೂ ಸರಿ, ರೆಸಾರ್ಟ್ ಕಟ್ಟಿದ್ದರೂ ಸರಿ. ಅದಕ್ಕೆ ಎದುರಾದವರಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 500 ಜನ ಸಾಯುತ್ತಾರೆ. ಬಹುಪಾಲು ಬಡವರು.

ಈಗ ದುಡ್ಡಿನ ಕಥೆಗೆ ಬರೋಣ. 1992ರಲ್ಲಿ ಭಾರತ ಸರ್ಕಾರ ‘ಪ್ರಾಜೆಕ್ಟ್ ಎಲಿಫೆಂಟ್’ ಆರಂಭಿಸಿತು. ಹುಲಿ ಯೋಜನೆ ಬಂದು ಆಗಲೇ ಹತ್ತೊಂಬತ್ತು ವರ್ಷ ಕಳೆದಿತ್ತು. ಆನೆಗೆ ಗಣಪತಿಯ ಮರ್ಯಾದೆ ಸಿಕ್ಕಿತೇ ಹೊರತು ಹುಲಿಯಷ್ಟು ಹಣವೂ ಸಿಗಲಿಲ್ಲ, ಕಾನೂನಿನ ಬಲವೂ ಸಿಗಲಿಲ್ಲ. ಹೊರದೇಶಗಳ ಸಹಾಯ ಬಂದದ್ದು ಈ ಕೊರತೆಯ ಸಂದಿನಲ್ಲೇ.

ನಾವಿರುವ ಈ ದೇಶದ ಪಾಲು ಇದರಲ್ಲಿ ಇದೆ. ಆಫ್ರಿಕದ ಆನೆಗಳಿಗಾಗಿ 1988ರಲ್ಲೇ ಒಂದು ಕಾಯಿದೆ ಮಾಡಿದ್ದ ಅಮೆರಿಕದ ಕಾಂಗ್ರೆಸ್, 1997ರಲ್ಲಿ ಏಷ್ಯಾದ ಆನೆಗಳಿಗೂ ಒಂದು ಕಾಯಿದೆ ಮಾಡಿತು. ಆ ವರ್ಷದ ನವೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ವರ್ಷಕ್ಕೆ 50 ಲಕ್ಷ ಡಾಲರಿನವರೆಗೆ ಕೊಡಬಹುದು ಎಂದು ಕಾಯಿದೆ ಹೇಳಿತು. ಕೊಡಬಹುದು ಎನ್ನುವುದಕ್ಕೂ ಕೊಟ್ಟರು ಎನ್ನುವುದಕ್ಕೂ ಎಷ್ಟು ಅಂತರವೆಂದು ಮದುವೆ ಮಾತುಕತೆಗೆ ಕೂತವರಿಗೆಲ್ಲ ಗೊತ್ತು! ಮೊದಲ ವರ್ಷಗಳಲ್ಲಿ ನಿಜವಾಗಿ ಮಂಜೂರಾದದ್ದು ಅದಕ್ಕಿಂತ ಬಹಳ ಕಡಿಮೆ. ಆದರೂ ಸಂಶೋಧನೆಗೆ, ಕಾವಲುಗಾರರ ತರಬೇತಿಗೆ, ಆನೆ-ಮನುಷ್ಯ ಸಂಘರ್ಷ ತಗ್ಗಿಸುವ ಕೆಲಸಗಳಿಗೆ ಏಷ್ಯಾದ ಹಲವು ದೇಶಗಳಿಗೆ ಈ ನಿಧಿಯಿಂದ ಹಣ ಹೋಯಿತು. 2011ರಲ್ಲಿ ಅಂಚೆ ಇಲಾಖೆ ಹುಲಿಮರಿಯ ಮುಖವಿದ್ದ ಒಂದು ಚೀಟಿ ಹೊರತಂದದ್ದು ಕೆಲವರಿಗೆ ನೆನಪಿರಬಹುದು. ಮಾಮೂಲಿ ಚೀಟಿಗಿಂತ ಕೆಲವು ಸೆಂಟು ಹೆಚ್ಚು. ಆ ಹೆಚ್ಚಿನ ಸೆಂಟುಗಳು ಸೇರಿದ್ದು ಆನೆ, ಹುಲಿ, ಘೇಂಡಾ, ವಾನರ, ಕಡಲಾಮೆಗಳಿಗಾಗಿ ಇರುವ ಈ ನಿಧಿಗಳಿಗೇ. ದೀಪಾವಳಿ ಕಾರ್ಡಿಗೆ ಅದನ್ನು ಅಂಟಿಸಿ ಕಳಿಸಿದವರು ತಮಗರಿಯದೆಯೇ ಆನೆಗೆ ಒಂದು ತುತ್ತು ಕೊಟ್ಟಿದ್ದಾರೆ.

ಐ.ಎಫ್.ಎ.ಡಬ್ಲ್ಯು. ಸಂಸ್ಥೆಯ ಕಥೆ ಇನ್ನೂ ಸ್ವಾರಸ್ಯ. ಅದು ಹುಟ್ಟಿದ್ದು 1969ರಲ್ಲಿ ಕೆನಡಾದಲ್ಲಿ, ಮಂಜಿನ ಮೇಲೆ ಬಿಳಿ ತುಪ್ಪಳದ ಸೀಲ್ ಮರಿಗಳನ್ನು ಬಡಿದು ಕೊಲ್ಲುವುದನ್ನು ನಿಲ್ಲಿಸಲು. ಬ್ರಯಾನ್ ಡೇವಿಸ್ ಎಂಬಾತ ಪತ್ರಿಕೆ, ಟಿ.ವಿ.ಯವರನ್ನು ಮಂಜಿನ ಮೇಲೆ ಕರೆದೊಯ್ದು ಆ ದೃಶ್ಯ ತೋರಿಸಿದ. ಯೂರೋಪಿನ ಮನೆಮನೆಗಳಿಂದ ಚಿಕ್ಕ ಚಿಕ್ಕ ದೇಣಿಗೆಗಳು ಬಂದವು. 1983ರಲ್ಲಿ ಯೂರೋಪು ಆ ಮರಿಗಳ ತೊಗಲಿನ ಆಮದನ್ನು ನಿಷೇಧಿಸಿತು. ಫೋಟೋ ತೋರಿಸಿ ಹತ್ತು ಡಾಲರು ಕೇಳುವ ಈ ವಿದ್ಯೆಯಿಂದ ಕೂಡಿದ ಸಂಸ್ಥೆ, 1998ರಲ್ಲಿ ವಿವೇಕ್ ಮೆನನ್ ಅವರು ಸ್ಥಾಪಿಸಿದ ವೈಲ್ಡ್‌ಲೈಫ್ ಟ್ರಸ್ಟ್ ಜೊತೆ 2000ದಲ್ಲಿ ಕೈಜೋಡಿಸಿತು. ಕೊಳ್ಳೇಗಾಲದ 25 ಎಕರೆ ಈ ಕೂಡಿಕೆಯ ಫಲ.

ಆ ಕೂಡಿಕೆಯ ಹೊತ್ತಿನ ಇನ್ನೊಂದು ಕೆಲಸ ನನ್ನ ದೃಷ್ಟಿಯಲ್ಲಿ ಜಮೀನಿಗಿಂತ ದೊಡ್ಡದು. 2005ರಲ್ಲಿ ಮೆನನ್, ಸಂದೀಪ್ ತಿವಾರಿ, ಪಿ.ಎಸ್. ಈಸಾ ಮತ್ತು ನಮ್ಮ ಸುಕುಮಾರ್ ಸೇರಿ ‘ರೈಟ್ ಆಫ್ ಪ್ಯಾಸೇಜ್’ ಎಂಬ ಗ್ರಂಥ ಹೊರತಂದರು. ಭಾರತದಲ್ಲಿ ಉಳಿದಿರುವ 88 ಆನೆ ಕಾರಿಡಾರುಗಳ ಹೆಸರು, ನಕ್ಷೆ, ಉದ್ದ, ಅಗಲ, ಅಡ್ಡ ಬಂದಿರುವ ರಸ್ತೆ, ಊರು ಎಲ್ಲ ಅದರಲ್ಲಿವೆ. ಅಲ್ಲಿಯವರೆಗೆ ‘ಈ ಕಡೆ ಆನೆ ಓಡಾಡುತ್ತದೆ ಸ್ವಾಮಿ’ ಎಂಬ ಬಾಯಿಮಾತಿಗೆ ಕಚೇರಿಯಲ್ಲಿ ಬೆಲೆಯಿರಲಿಲ್ಲ. ಪಹಣಿಯಲ್ಲಿ ಇಲ್ಲದ್ದು ಸರ್ಕಾರದ ಕಣ್ಣಿಗೆ ಇಲ್ಲವೇ ಇಲ್ಲ. ಈ ಗ್ರಂಥ ಆನೆಯ ದಾರಿಗೆ ಒಂದು ರೀತಿಯ ಪಹಣಿ ಮಾಡಿಕೊಟ್ಟಿತು. 2017ರಲ್ಲಿ ಅದರ ಎರಡನೆಯ ಆವೃತ್ತಿ ಬಂದಾಗ ಕಾರಿಡಾರುಗಳು 101 ಆದವು. 2023ರಲ್ಲಿ ಕೇಂದ್ರ ಸರ್ಕಾರವೇ ಪ್ರಕಟಿಸಿದ ವರದಿಯಲ್ಲಿ 150.

ಸಂಖ್ಯೆ ಏರಿತೆಂದು ಸಂತೋಷಪಡುವ ಮೊದಲು ಅಗಲವನ್ನು ನೋಡಿ. ಒಂದು ಕಿಲೋಮೀಟರ್ ಅಥವಾ ಅದಕ್ಕಿಂತ ಕಡಿಮೆ ಅಗಲವಿದ್ದ ಕಾರಿಡಾರುಗಳು 2005ರಲ್ಲಿ ಶೇಕಡಾ 45.5 ಇದ್ದವು. 2017ರ ಹೊತ್ತಿಗೆ ಶೇಕಡಾ 74! ರಕ್ತನಾಳದ ವಿಷಯದಲ್ಲಿ ನಾವು ವೈದ್ಯರು ನೋಡುವುದೂ ಇದನ್ನೇ. ನಾಳ ಎಷ್ಟು ಉದ್ದ, ಉಳಿದ ಕಡೆ ಎಷ್ಟು ಅಗಲ ಎಂಬುದಲ್ಲ. ಅತಿ ಕಿರಿದಾದ ಜಾಗದಲ್ಲಿ ಎಷ್ಟು ಉಳಿದಿದೆ ಎಂಬುದು. ಕೊಳ್ಳೇಗಾಲದ 25 ಎಕರೆಗೆ ಬೆಲೆ ಬಂದದ್ದು ಅದಕ್ಕೇ. ಅದೇ 25 ಎಕರೆ ಕಾಡಿನ ನಡುಮಧ್ಯದಲ್ಲಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಲಂಡನ್ನಿನವರ ದುಡ್ಡು ಬಂದ ಬಗೆ ಬೇರೆ. ಮಾರ್ಕ್ ಶಾಂಡ್ ಎಂಬ ಶ್ರೀಮಂತ ಮನೆತನದ ಅಲೆಮಾರಿ 1988ರಲ್ಲಿ ಒರಿಸ್ಸಾದಲ್ಲಿ ತಾರಾ ಎಂಬ ಹೆಣ್ಣಾನೆಯನ್ನು ಕೊಂಡು, ಅದರ ಮೇಲೆ ಕೂತು ಬಿಹಾರದ ಸೋನ್‌ಪುರ ಜಾತ್ರೆಯವರೆಗೆ ಹೋದ. ಅದರ ಮೇಲೊಂದು ಪುಸ್ತಕ ಬರೆದು ಹೆಸರಾದ. 2002ರಲ್ಲಿ ಗೆಳೆಯರ ಜೊತೆ ‘ಎಲಿಫೆಂಟ್ ಫ್ಯಾಮಿಲಿ’ ಎಂಬ ಸಂಸ್ಥೆ ಕಟ್ಟಿದ. ಆತನ ಅಕ್ಕ ಕ್ಯಾಮಿಲ್ಲಾ ಇಂದು ಬ್ರಿಟನ್ನಿನ ರಾಣಿ. ಆದ್ದರಿಂದ ಅರಮನೆಯ ಬಾಗಿಲೂ ತೆರೆಯಿತು, ಸಿರಿವಂತರ ಚೀಲವೂ ತೆರೆಯಿತು ಎನ್ನಬಹುದು. 2010ರ ಬೇಸಿಗೆಯಲ್ಲಿ ಕಲಾವಿದರು ಬಣ್ಣ ಬಳಿದ ಸುಮಾರು 260 ಆನೆಮರಿ ಗೊಂಬೆಗಳನ್ನು ಲಂಡನ್ನಿನ ಬೀದಿಗಳಲ್ಲಿ ನಿಲ್ಲಿಸಿ, ಆಮೇಲೆ ಹರಾಜು ಹಾಕಿ, ಸುಮಾರು 40 ಲಕ್ಷ ಪೌಂಡು ಕೂಡಿಸಿದರು. 2014ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ಇಂಥದೇ ಒಂದು ಹರಾಜು ಯಶಸ್ವಿಯಾಗಿ ಮುಗಿದ ರಾತ್ರಿ ಬಿದ್ದು ತಲೆಗೆ ಪೆಟ್ಟಾಗಿ ಶಾಂಡ್ ತೀರಿಕೊಂಡ. ಅವನಿಗಾಗ 62 ವರ್ಷ.

ಈ ಲಂಡನ್ ಹಣ, ಜೊತೆಗೆ ಬ್ರಿಟನ್ನಿನ ವರ್ಲ್ಡ್ ಲ್ಯಾಂಡ್ ಟ್ರಸ್ಟ್ ಮತ್ತು ನೆದರ್‌ಲ್ಯಾಂಡ್ಸಿನ ಐ.ಯು.ಸಿ.ಎನ್. ಸಮಿತಿಯ ಹಣ ಸೇರಿ ದಕ್ಷಿಣದಲ್ಲಿ ಆದ ದೊಡ್ಡ ಕೆಲಸವೆಂದರೆ ವಯನಾಡಿನ ತಿರುನೆಲ್ಲಿ–ಕುದ್ರಕೋಟೆ ಕಾರಿಡಾರು. ಕೊಡಗಿನವರು ಪಿತೃಕಾರ್ಯಕ್ಕೆ ಹೋಗುವ ತಿರುನೆಲ್ಲಿಯೇ ಅದು. ಬ್ರಹ್ಮಗಿರಿ, ನಾಗರಹೊಳೆಯ ಆನೆಗಳು ಕೇರಳದ ಕಾಡಿಗೆ ದಾಟುವ ದಾರಿ. ಅಲ್ಲಿದ್ದ ನಾಲ್ಕು ಪುಟ್ಟ ಊರುಗಳ ಕುಟುಂಬಗಳಿಗೆ ಬೇರೆಡೆ ಜಮೀನು, ಮನೆ ಮಾಡಿಕೊಟ್ಟು ದಾರಿ ಬಿಡಿಸಿದರು. ಹತ್ತಿರ ಹತ್ತಿರ ಹತ್ತು ವರ್ಷ ಹಿಡಿದ ಕೆಲಸ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆನೆಯ ದಾರಿಗೆ ದುಡ್ಡು ಕೊಡುವುದು ಸುಲಭ, ಆ ದಾರಿಯಲ್ಲಿ ಮನೆ ಇದ್ದವರ ವಿಷಯ ಸುಲಭವಲ್ಲ. ‘ಅವರೇ ಒಪ್ಪಿ ಹೋದರು’ ಎಂದು ವರದಿಗಳು ಹೇಳುತ್ತವೆ. ತಿರುನೆಲ್ಲಿಯಲ್ಲಿ ಅದು ನಿಜವಿರಬಹುದು. ವರ್ಷವಿಡೀ ರಾತ್ರಿ ನಿದ್ದೆಗೆಟ್ಟು ಭತ್ತ ಕಾದು, ಆಸ್ಪತ್ರೆಗೆ ರಸ್ತೆಯಿಲ್ಲದೆ ನರಳಿದವರು ಒಳ್ಳೆಯ ಮನೆ ಸಿಕ್ಕರೆ ಹೋಗಲೊಲ್ಲೆ ಎನ್ನುವುದಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯಿಂದ ಸಮ್ಮತಿ ಪತ್ರ ಬರೆಸಿಕೊಳ್ಳುವ ನಮಗೆ ಗೊತ್ತು: ಸಹಿ ಇದ್ದ ಮಾತ್ರಕ್ಕೆ ಸಮ್ಮತಿ ಇತ್ತೆಂದಲ್ಲ. ಬೇರೆ ದಾರಿಯೂ ಇತ್ತೇ, ಬೇಡವೆನ್ನುವ ಸ್ವಾತಂತ್ರ್ಯವಿತ್ತೇ ಎಂದು ಕೇಳಬೇಕು. ಬಿಳಿಗಿರಿರಂಗನ ಬೆಟ್ಟವನ್ನು 1974ರಲ್ಲಿ ಅಭಯಾರಣ್ಯವೆಂದು ಸಾರಿದಾಗ ಸೋಲಿಗರನ್ನು ಯಾರೂ ಹಾಗೆ ಕೇಳಲಿಲ್ಲ. ಅವರ ಬೇಸಾಯ, ಬೇಟೆ, ಅವರು ಹಾಕುತ್ತಿದ್ದ ತರಗು ಬೆಂಕಿ ಎಲ್ಲ ನಿಂತಿತು. ಪೋಡುಗಳನ್ನು ಕಾಡಂಚಿಗೆ ತಂದರು. ತರಗು ಬೆಂಕಿ ನಿಂತ ಮೇಲೆ ಲಂಟಾನ ಕಾಡನ್ನು ನುಂಗಿತು ಎಂದು ಸೋಲಿಗರು ಮೊದಲಿನಿಂದ ಹೇಳುತ್ತ ಬಂದರು. ಸಂಶೋಧಕರು ಆ ಮಾತಿಗೆ ಕಿವಿಗೊಟ್ಟದ್ದು ಬಹಳ ತಡವಾಗಿ. 2011ರಲ್ಲಿ, ಅರಣ್ಯ ಹಕ್ಕು ಕಾಯಿದೆಯಡಿ, ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಸಮುದಾಯದ ಹಕ್ಕು ಪಡೆದ ಮೊದಲಿಗರು ಈ ಸೋಲಿಗರೇ ಆದರು.

ಎಲ್ಲ ಕಡೆಯೂ ಕೊಳ್ಳುವುದೇ ದಾರಿಯಲ್ಲ. ಮೇಘಾಲಯದ ಗಾರೋ ಬೆಟ್ಟದಲ್ಲಿ ಸಿಜು–ರೇವಾಕ್ ಎಂಬ ಕಾರಿಡಾರು ಇದೆ. ಅಲ್ಲಿ ಭೂಮಿ ಕುಲದ್ದು, ಮಾರುವಂತಿಲ್ಲ. ಅಲ್ಲಿನ ಊರಿನವರು ತಮ್ಮ ಜಮೀನಿನ ಒಂದು ಭಾಗವನ್ನು ತಮ್ಮದೇ ಹೆಸರಿನಲ್ಲಿ ಗ್ರಾಮದ ಕಾಡಾಗಿ ಬಿಟ್ಟುಕೊಟ್ಟರು. ಹೊರದೇಶಗಳಿಂದ ಬಂದ ನೆರವು ಭೂಮಿಯ ಬೆಲೆಯಾಗಿ ಅಲ್ಲ, ಊರಿನ ಅನುಕೂಲಗಳಿಗಾಗಿ ಹೋಯಿತು. ನನಗೆ ಕೇಳಿದರೆ ಇದು ಹೆಚ್ಚು ಗಟ್ಟಿ. ಮಾರಿದವನ ಮಗ ನಾಳೆ ಬಂದು ‘ನಮ್ಮಪ್ಪನಿಗೆ ಮೋಸ ಮಾಡಿದಿರಿ’ ಎನ್ನಬಹುದು, ತನ್ನ ಕಾಡನ್ನು ತಾನೇ ಉಳಿಸಿಕೊಂಡವನ ಮಗ ಹಾಗೆನ್ನಲಾರ.

ಇನ್ನು ಸರ್ಕಾರದ ಶಾಯಿಯ ಬಲವನ್ನು ನೋಡಿ. 2011ರಿಂದ 2013ರ ನಡುವೆ ಕರ್ನಾಟಕ ಸರ್ಕಾರ ಅಭಯಾರಣ್ಯಗಳಿಗೆ ಹೊಸದಾಗಿ ಸೇರಿಸಿದ ಕಾಡು ಸುಮಾರು 2,400 ಚದರ ಕಿಲೋಮೀಟರ್. ಕಾವೇರಿ ಅಭಯಾರಣ್ಯ ದೊಡ್ಡದಾಯಿತು. 2013ರಲ್ಲಿ ಮಹದೇಶ್ವರ ಬೆಟ್ಟವೂ ಅಭಯಾರಣ್ಯವಾಯಿತು. ಇದಕ್ಕಾಗಿ ವರ್ಷಗಟ್ಟಲೆ ನಕ್ಷೆ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಿದ ಸಂಜಯ ಗುಬ್ಬಿಯವರಿಗೆ 2017ರಲ್ಲಿ ಲಂಡನ್ನಿನಲ್ಲಿ ವಿಟ್ಲಿ ಪ್ರಶಸ್ತಿ ಬಂತು. (2003ರಲ್ಲಿ ಸುಕುಮಾರ್ ಅವರಿಗೂ ಅದೇ ಸಂಸ್ಥೆಯ ಚಿನ್ನದ ಪ್ರಶಸ್ತಿ ಬಂದಿತ್ತು.) ಲೆಕ್ಕ ಹಾಕಿ: 25 ಎಕರೆ ಎಂದರೆ ಒಂದು ಚದರ ಕಿಲೋಮೀಟರಿನ ಹತ್ತನೆಯ ಒಂದು ಭಾಗ. ಗೆಜೆಟ್ಟಿನ ಕೆಲವು ಪುಟಗಳು ಅದರ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು ಕಾಡನ್ನು ಸೇರಿಸಿದವು, ಅದೂ ಎಕರೆಗಿಷ್ಟು ಎಂದು ಯಾರಿಗೂ ಬೆಲೆ ಕೊಡದೆ. ಕಾಡಿನೊಳಗೆ ದನ ಮೇಯಿಸುವವರ, ಬೇಡಗಂಪಣರ, ಸೋಲಿಗರ ತಕರಾರು ಇಲ್ಲೂ ಇದೆ. ಅದು ಸಣ್ಣ ವಿಷಯವಲ್ಲ.

ರಸ್ತೆಯ ಕಥೆಯೂ ಹಾಗೆಯೇ. 2009ರ ಜೂನಿನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಬಂಡೀಪುರದ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಓಡಾಟ ನಿಷೇಧಿಸಿದರು. ತುರ್ತು ವಾಹನಗಳು ಮತ್ತು ಕೆಲವೇ ಬಸ್ಸುಗಳಿಗೆ ವಿನಾಯಿತಿ. 2010ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಪಕ್ಕದ ನೀಲಗಿರಿಯ ಸೀಗೂರು ಬಯಲಿನಲ್ಲಿ ಆನೆದಾರಿಯ ಮೇಲೆ ಎದ್ದಿದ್ದ ರೆಸಾರ್ಟುಗಳಿಗೆ 2018ರಲ್ಲಿ ಬೀಗ ಬಿತ್ತು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಆನೆಗಳಿಗೆ ಆ ದಾರಿ ಸಲ್ಲುತ್ತದೆ ಎಂಬ 2011ರ ಮದ್ರಾಸ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಹರಾಜಿನ ಯಾವ ಬಣ್ಣದ ಆನೆಯೂ ಇದನ್ನು ಮಾಡಲಾರದು. ಆದರೆ ಕಾರಿಡಾರುಗಳ ಹೆಸರು, ನಕ್ಷೆ ಅಷ್ಟು ಹೊತ್ತಿಗೆ ಅಚ್ಚಿನಲ್ಲಿ ಇದ್ದದ್ದರಿಂದ ‘ಇಲ್ಲಿ ಆನೆದಾರಿಯೇ ಇಲ್ಲ’ ಎನ್ನುವುದು ಸುಲಭವಾಗಲಿಲ್ಲ. ಹೊರಗಿನ ದುಡ್ಡು ಅತ್ಯಂತ ಚೆನ್ನಾಗಿ ದುಡಿದದ್ದು ಸರ್ಕಾರ ಕೈಹಾಕದ ಇಂಥ ಬೇಸರದ ಕೆಲಸಗಳಲ್ಲಿ, ಅಂದರೆ ಸರ್ವೆ, ನಕ್ಷೆ, ದಾಖಲೆಗಳಲ್ಲಿ, ಮತ್ತು ಕೊಳ್ಳೇಗಾಲದಂಥ ಒಂದೆರಡು ಇಕ್ಕಟ್ಟುಗಳಲ್ಲಿ ಎಂದು ನನ್ನ ತೀರ್ಮಾನ.

ಕಳೆದ ಸಭೆಯಲ್ಲಿ ನಮ್ಮ ಸಂಘದ ದೇಣಿಗೆ ನಿಧಿಯಿಂದ ಕಾಡಿಗೂ ಸ್ವಲ್ಪ ಕೊಡೋಣ ಎಂಬ ಮಾತು ಬಂದಾಗ ಹಿರಿಯರೊಬ್ಬರು ‘ನಾವೇ ಸೇರಿ ಹತ್ತು ಎಕರೆ ಕೊಂಡುಬಿಡೋಣ ಕಣ್ರೀ’ ಎಂದರು. ಊಟ ತಣ್ಣಗಾಗುತ್ತಿದ್ದುದರಿಂದ ಚರ್ಚೆ ಅಲ್ಲಿಗೇ ನಿಂತಿತು. ಹಾಗೆ ಕೊಳ್ಳಲಾಗದು. ಅನಿವಾಸಿ ಭಾರತೀಯರಾಗಲಿ, ಓ.ಸಿ.ಐ. ಕಾರ್ಡಿನವರಾಗಲಿ ಭಾರತದಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ದೇಣಿಗೆ ಕೊಡಬಹುದು, ಅದರಲ್ಲೂ ಭೇದವಿದೆ. ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಈ ದೇಶದ ಪೌರರಾದವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಒಂದು ಸಂಸ್ಥೆ ಅದನ್ನು ಇನ್ನೊಂದಕ್ಕೆ ಹಂಚುವಂತಿಲ್ಲ. ದೊಡ್ಡ ಸಂಸ್ಥೆ ಪಡೆದು ಕಾಡಂಚಿನ ಚಿಕ್ಕ ಸಂಘಕ್ಕೆ ದಾಟಿಸುತ್ತಿದ್ದ ಹಳೆಯ ರೂಢಿಗೆ ಇದರಿಂದ ಕತ್ತರಿ ಬಿತ್ತು. ಸಂಘದ ನಿಧಿಯಲ್ಲಿ ಎರಡೂ ಬಗೆಯ ಪಾಸ್‌ಪೋರ್ಟಿನವರ ದುಡ್ಡು ಬೆರೆತಿರುವುದನ್ನು ಖಜಾಂಚಿಗಳು ಗಮನಿಸಬೇಕು.

ದೊಡ್ಡ ಸಭೆಗಳ ಮಾತು ದೊಡ್ಡದಾಗುತ್ತಲೇ ಇದೆ. 2020ರ ಫೆಬ್ರವರಿಯಲ್ಲಿ ಗಾಂಧಿನಗರದಲ್ಲಿ ಸೇರಿದ ವಲಸೆ ಪ್ರಾಣಿಗಳ ಒಪ್ಪಂದದ ಸಭೆ ಏಷ್ಯಾದ ಆನೆಯನ್ನು ಅತಿ ರಕ್ಷಣೆ ಬೇಕಾದವುಗಳ ಪಟ್ಟಿಗೆ ಸೇರಿಸಿತು. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಪ್ರಪಂಚದ ದೇಶಗಳು 2030ರೊಳಗೆ ನೆಲ, ಕಡಲುಗಳ ಶೇಕಡಾ 30ನ್ನು ಒಂದಕ್ಕೊಂದು ಚೆನ್ನಾಗಿ ಬೆಸೆದಿರುವಂತೆ ಕಾಪಾಡುತ್ತೇವೆ, ಬಡ ದೇಶಗಳಿಗೆ 2025ರ ಹೊತ್ತಿಗೆ ವರ್ಷಕ್ಕೆ 2,000 ಕೋಟಿ ಡಾಲರ್ ಕೊಡುತ್ತೇವೆ ಎಂದವು. 2025ರ ಆರಂಭದಲ್ಲಿ ವಾಷಿಂಗ್ಟನ್ನಿನಲ್ಲಿ ಅಧಿಕಾರ ಬದಲಾದೊಡನೆ ವಿದೇಶಿ ನೆರವಿಗೆ ತಡೆ ಬಿತ್ತು. ಆನೆ, ಹುಲಿಗಳ ಅನುದಾನಗಳೂ ಅದರಲ್ಲಿ ಸಿಕ್ಕಿಹಾಕಿಕೊಂಡವು. ಒಂದೇ ಕಡೆಯ ದುಡ್ಡನ್ನು ನಂಬಿ ಕಾವಲುಗಾರರನ್ನು ನೇಮಿಸಿಕೊಂಡವರ ಪಾಡು ಹೇಗಿರಬೇಡ!

ಇಷ್ಟರ ನಡುವೆ ಲಂಡನ್ನಿನವರು ಇನ್ನೊಂದು ದಾರಿ ಹಿಡಿದಿದ್ದರು. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವೆಂದು ಬ್ರಿಟಿಷರು ತಂದ ಲಂಟಾನ ಇಂದು ನಮ್ಮ ಹುಲಿಗಳಿರುವ ಕಾಡಿನ ಶೇಕಡಾ 40ರಷ್ಟನ್ನು ಆವರಿಸಿದೆ; ಆನೆಗೆ ಅದು ಮೇವಲ್ಲ. ಆ ಲಂಟಾನವನ್ನೇ ಕಡಿದು, ಬೇಯಿಸಿ, ಬಾಗಿಸಿ, ನೀಲಗಿರಿಯ ಗೂಡಲೂರಿನ ಕಡೆ ಬೆಟ್ಟ ಕುರುಂಬ, ಪಣಿಯ, ಕಾಟ್ಟುನಾಯಕ ಮತ್ತು ಸೋಲಿಗ ಸಮುದಾಯದವರು ನಿಜವಾದ ಅಳತೆಯ ಆನೆಗಳನ್ನು ಕಟ್ಟಿದರು. 2021ರ ಬೇಸಿಗೆಯಲ್ಲಿ ಅವು ಲಂಡನ್ನಿನ ಅರಮನೆಯ ಪಕ್ಕದ ಉದ್ಯಾನಗಳಲ್ಲಿ ನಿಂತವು. 2024ರ ಜುಲೈನಲ್ಲಿ ನೂರು ಆನೆಗಳು ರೋಡ್ ಐಲೆಂಡಿನ ನ್ಯೂಪೋರ್ಟಿಗೆ ಬಂದಿಳಿದವು. ಅಲ್ಲಿಂದ ನ್ಯೂಯಾರ್ಕ್, ಮಯಾಮಿ ಬೀಚ್, ಹ್ಯೂಸ್ಟನ್ ಎಂದು ಲಾರಿಯಲ್ಲಿ ದೇಶ ಸುತ್ತಿದವು. ಆನೆಗಳನ್ನು ಮಾರಿ ಬಂದ ಹಣ ಮನುಷ್ಯ-ಪ್ರಾಣಿಗಳು ಕೂಡಿ ಬಾಳುವ ಕೆಲಸಗಳಿಗೆ. ಕೊಳ್ಳೇಗಾಲದ ಹಣ ಜಮೀನು ಬಿಟ್ಟುಹೋದವರ ಕೈ ಸೇರಿತ್ತು. ಈ ಹಣದ ಒಂದು ಪಾಲು ಆನೆಯ ಜೊತೆಗೇ ಉಳಿದವರ ಕೈಗೆ ಕೂಲಿಯಾಗಿ ಹೋಯಿತು. ಆ ವ್ಯತ್ಯಾಸ ಬರಲು ಇಪ್ಪತ್ತು ವರ್ಷ ಬೇಕಾಯಿತು.

ಅಂದ ಹಾಗೆ, ಆ ಲಂಟಾನ ಆನೆಗಳು ಕಾಲ್ಪನಿಕವಲ್ಲ. ಗೂಡಲೂರಿನ ಚಹಾ ತೋಟ, ಹಿತ್ತಿಲು, ರಸ್ತೆಗಳ ನಡುವೆ ಓಡಾಡುವ, ಅಲ್ಲಿನ ಜನ ಒಂದೊಂದನ್ನೂ ಗುರುತು ಹಿಡಿಯುವ ಆನೆಗಳನ್ನು ನೋಡಿ ಕಟ್ಟಿದವು ಅವು.